ಹಳೆಯ ಗಾಡಿಯ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತಿದೆಯೇ? ಟ್ಯಾಂಕು ಬಿಚ್ಚುವ ಮೊದಲು ಮಾಡಬೇಕಾದ್ದು, ಬಿಚ್ಚಿದ ಮೇಲೆ ನೋಡಬೇಕಾದ್ದು

ಹಳೆಯ ಕಾರಿನ ಫ್ಯೂಯಲ್ ಮೀಟರ್ ಕೆಟ್ಟರೆ ಹೆಚ್ಚಿನವರು ಮೊದಲು ಮಾಡುವುದು ಹೊಸ ಟ್ಯಾಂಕ್ ಯೂನಿಟ್ (ಟ್ಯಾಂಕಿನೊಳಗೆ ಕೂತು ಪೆಟ್ರೋಲಿನ ಮಟ್ಟ ಅಳೆಯುವ ಭಾಗ) ಕೊಂಡು ಹಾಕಿಸುವ ಕೆಲಸ. ಹಾಕಿಸಿದ ಮೇಲೂ ಮುಳ್ಳು ಇದ್ದಲ್ಲೇ ಇರುತ್ತದೆ. ದುಡ್ಡು ಹೋಯಿತು, ಜೊತೆಗೆ ಎಷ್ಟೋ ವರ್ಷದಿಂದ ಸೋರದೆ ಕೂತಿದ್ದ ಟ್ಯಾಂಕಿನ ಗ್ಯಾಸ್ಕೆಟ್ಟೂ ಹೋಯಿತು. ನನ್ನ ಅಭಿಪ್ರಾಯ ನೇರವಾಗಿದೆ: ಅರ್ಥ್ (ಕರೆಂಟು ಗಾಡಿಯ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಸರಿಯಿದೆ, ವೈರ್ ಸರಿಯಿದೆ, ಮೀಟರ್ ಸರಿಯಿದೆ ಎಂದು ಖಾತ್ರಿಯಾಗುವ ತನಕ ಟ್ಯಾಂಕಿನ ಒಂದು ಸ್ಕ್ರೂ ಕೂಡ ಸಡಿಲಿಸಬಾರದು. ಈ ಮೂರನ್ನೂ ಪರೀಕ್ಷಿಸಲು ಒಂದು ಸಾಧಾರಣ ಮಲ್ಟಿಮೀಟರ್, ಒಂದು ಉದ್ದ ವೈರ್ ಮತ್ತು ಅರ್ಧ ದಿನದ ತಾಳ್ಮೆ ಸಾಕು.

ಇಲ್ಲಿ ಹೇಳುವುದು ಕಂಪ್ಯೂಟರ್ ಇಲ್ಲದ ಗಾಡಿಗಳ ವಿಷಯ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬುರೇಟರ್ ಕಾಲದ ಮಾರುತಿ 800, ಜಿಪ್ಸಿ, ಮಹೀಂದ್ರ ಜೀಪುಗಳು, ಹೀಗೆ. ಇವುಗಳ ವ್ಯವಸ್ಥೆ ಸರಳ. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತದೆ, ಅದರ ಕಡ್ಡಿ ಒಂದು ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಸಣ್ಣ ಲೋಹದ ನಾಲಿಗೆಯನ್ನು ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್‌ನಿಂದ ಬಂದ ಕರೆಂಟು ಒಂದೇ ವೈರಿನಲ್ಲಿ ಈ ಪಟ್ಟಿಗೆ ಬಂದು, ಟ್ಯಾಂಕಿನ ಮೈಯ ಮೂಲಕ ಚಾಸಿಗೆ, ಅಲ್ಲಿಂದ ಬ್ಯಾಟರಿಗೆ ಮರಳುತ್ತದೆ. ದಾರಿಯಲ್ಲಿ ಎಷ್ಟು ಓಮ್ ಅಡ್ಡಿ ಇದೆ ಎಂಬುದನ್ನಷ್ಟೇ ಮುಳ್ಳು ತೋರಿಸುವುದು. ಆ ಅಡ್ಡಿ ಪೆಟ್ರೋಲಿನ ಮಟ್ಟದಿಂದ ಬಂದದ್ದೋ ತುಕ್ಕಿನಿಂದ ಬಂದದ್ದೋ ಅದಕ್ಕೆ ತಿಳಿಯದು.

ಇದನ್ನು ಸಣ್ಣ ತೊಂದರೆ ಎಂದು ಬಿಡಬೇಡಿ. ಟ್ಯಾಂಕು ಪೂರ್ತಿ ಬರಿದಾಗುವ ತನಕ ಓಡಿಸಿದರೆ ತಳದ ತುಕ್ಕು, ಕೆಸರು, ನೀರು ಎಲ್ಲ ಕಾರ್ಬುರೇಟರ್ ಕಡೆ ಬರುತ್ತವೆ. ಡೀಸೆಲ್ ಜೀಪಾದರೆ ಲೈನಿಗೆ ಗಾಳಿ ಹೊಕ್ಕು, ಮತ್ತೆ ಡೀಸೆಲ್ ತುಂಬಿಸಿದರೂ ಏರ್ ತೆಗೆಯುವ ತನಕ ಸ್ಟಾರ್ಟ್ ಆಗುವುದಿಲ್ಲ. ಮಳೆಗಾಲದ ರಾತ್ರಿ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಅದನ್ನು ಮಾಡುವ ಗತಿ ಯಾರಿಗೂ ಬೇಡ. ಇನ್ನು ಟ್ಯಾಂಕಿನೊಳಗೇ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಗಳಲ್ಲಿ ಪಂಪನ್ನು ತಣ್ಣಗಿಡುವುದೇ ಪೆಟ್ರೋಲು. ಬರಿದಾದರೆ ಪಂಪ್ ಸುಡಬಹುದು.

ಮುಳ್ಳು ಹೇಗೆ ತಪ್ಪುತ್ತಿದೆ ಎಂದು ಮೊದಲು ಗಮನಿಸಿ

"ಮೀಟರ್ ಸರಿಯಿಲ್ಲ" ಎಂದರೆ ಏನೂ ಹೇಳಿದಂತಾಗಲಿಲ್ಲ. ತಪ್ಪು ಯಾವ ಬಗೆಯದು ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಟ್ಯಾಂಕಿನಲ್ಲಿ ಎಷ್ಟಿದ್ದರೂ ಮುಳ್ಳು ಖಾಲಿಯಲ್ಲೇ ಮಲಗಿದ್ದರೆ ವೈರ್ ಕಡಿದಿರಬಹುದು, ಫ್ಯೂಸ್ ಹೋಗಿರಬಹುದು, ಇಲ್ಲವೇ ಫ್ಲೋಟ್ ತೂತಾಗಿ ಮುಳುಗಿರಬಹುದು. ಯಾವಾಗಲೂ ಫುಲ್ ತೋರಿಸುತ್ತಿದ್ದರೆ ಟ್ಯಾಂಕಿಗೆ ಹೋಗುವ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿರುವ ಸಂಭವ ಹೆಚ್ಚು. (ಇದು ಖಾಲಿಯಲ್ಲಿ ಹೆಚ್ಚು ಓಮ್, ತುಂಬಿದಾಗ ಕಡಿಮೆ ಓಮ್ ಇರುವ ಗಾಡಿಗಳ ಲೆಕ್ಕ. ನಮ್ಮಲ್ಲಿ ಓಡಾಡುವ ಜಪಾನಿ ಮೂಲದ ಗಾಡಿಗಳು ಸಾಮಾನ್ಯವಾಗಿ ಹೀಗೆಯೇ. ಕೆಲವು ಅಮೆರಿಕನ್ ಮೀಟರ್‌ಗಳಲ್ಲಿ ಖಾಲಿಗೆ 0, ಫುಲ್‌ಗೆ 90 ಓಮ್. ಅಲ್ಲಿ ಎಲ್ಲವೂ ಉಲ್ಟಾ.)

ಒಂದೇ ಜಾಗದಲ್ಲಿ, ಉದಾಹರಣೆಗೆ ಅರ್ಧದ ಹತ್ತಿರ ಮಾತ್ರ, ಮುಳ್ಳು ಬಿದ್ದು ಎದ್ದು ಮಾಡುತ್ತಿದ್ದರೆ ರೆಸಿಸ್ಟೆನ್ಸ್ ಪಟ್ಟಿ ಆ ಜಾಗದಲ್ಲಿ ಸವೆದಿದೆ. ಖಾಲಿ ಕಡೆ ಸರಿಯಾಗಿದ್ದು ಫುಲ್ ಟ್ಯಾಂಕ್ ಹಾಕಿಸಿದರೂ ಮುಕ್ಕಾಲಿಗೇ ನಿಂತರೆ ಅರ್ಥ್ ದುರ್ಬಲ, ಇಲ್ಲವೇ ಫ್ಲೋಟಿನ ಕಡ್ಡಿ ಬಾಗಿದೆ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಸರಿದರೆ, ಇಂಡಿಕೇಟರ್ ಬಡಿತಕ್ಕೆ ತಕ್ಕಂತೆ ಕುಣಿದರೆ, ಅದು ಅರ್ಥಿನದೇ ತೊಂದರೆ. ಇನ್ನೇನೂ ಹುಡುಕಬೇಕಿಲ್ಲ.

ಫ್ಯೂಯಲ್ ಮೀಟರ್ ಜೊತೆಗೆ ಟೆಂಪರೇಚರ್ ಮೀಟರ್ ಕೂಡ ಅದೇ ಹೊತ್ತಿಗೆ ಹೆಚ್ಚು ಅಥವಾ ಕಡಿಮೆ ತೋರಿಸಲು ಶುರು ಮಾಡಿತೇ? ಹಾಗಿದ್ದರೆ ಟ್ಯಾಂಕಿನ ಕಡೆ ಹೋಗಲೇಬೇಡಿ. ಎರಡಕ್ಕೂ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್ ನೋಡಿ. ಅದರ ವಿಷಯ ಮುಂದೆ ಬರುತ್ತದೆ.

ಏರು, ತಿರುವುಗಳಲ್ಲಿ ಮುಳ್ಳು ಸ್ವಲ್ಪ ಓಲಾಡುವುದು ದೋಷವಲ್ಲ. ಪೆಟ್ರೋಲು ಟ್ಯಾಂಕಿನ ಒಂದು ಬದಿಗೆ ಸರಿದಾಗ ಫ್ಲೋಟ್ ಕೂಡ ಅದರ ಜೊತೆ ಹೋಗುತ್ತದೆ. ಯಾವಾಗಲೂ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೀ ಆನ್ ಮಾಡಿ ಒಂದೆರಡು ನಿಮಿಷ ಕಾದು ನೋಡಿ. ಹಾಗೆ ಕಾಯುವಾಗ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ. ಕೀ ಆನ್ ಮಾಡಿದ ಕೂಡಲೇ ಮುಳ್ಳು ಚಂಗನೆ ಏರಿದರೆ ಅದು ಕಾಯಿಲ್ ಮೀಟರ್. ಮೆಲ್ಲಗೆ ತೆವಳುತ್ತ ಏರಿದರೆ ಒಳಗೆ ಬಿಸಿಯಾಗಿ ಬಾಗುವ ಬೈಮೆಟಲ್ ಪಟ್ಟಿ ಇರುವ ಮೀಟರ್. ಮುಂದಿನ ಪರೀಕ್ಷೆಗಳಲ್ಲಿ ಈ ವ್ಯತ್ಯಾಸ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಎಚ್ಚರಿಕೆ: ಈ ಭಾಗವನ್ನು ಹಾರಿಸಬೇಡಿ

ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ, ಗುಂಡಿಗಳಲ್ಲಿ ತುಂಬಿಕೊಂಡು, ಕಣ್ಣಿಗೆ ಕಾಣದೆ ದೂರದ ಬೆಂಕಿಯ ತನಕ ಹೋಗಬಲ್ಲದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕಾರಿ, ಯಾಕೆಂದರೆ ಅದರೊಳಗೆ ಆವಿಯೂ ಗಾಳಿಯೂ ಬೆರೆತಿರುತ್ತವೆ.

ಟ್ಯಾಂಕು ತೆರೆಯುವ ಕೆಲಸ ಬಯಲಿನಲ್ಲಿ, ಹಗಲಿನಲ್ಲಿ ಆಗಬೇಕು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ, ಪಕ್ಕದಲ್ಲೇ ದೇವರ ದೀಪ ಅಥವಾ ಗ್ಯಾಸ್ ಒಲೆ ಉರಿಯುವಲ್ಲಿ ಬೇಡ. ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲೇ ತೆಗೆಯಿರಿ. ವೈರಿನಲ್ಲಿ ನೇತಾಡುವ ಬಲ್ಬ್ ಬಳಸಬೇಡಿ. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವಂತಿರಲಿ. ಕೀ ಆನ್ ಮಾಡಿ ಮಾಡುವ ಎಲ್ಲ ಪರೀಕ್ಷೆಗಳೂ ಟ್ಯಾಂಕು ಮುಚ್ಚಿರುವಾಗಲೇ ಮುಗಿಯಬೇಕು. ಪೆಟ್ರೋಲು ಸೋರುತ್ತಿದ್ದರೆ, ಘಾಟು ವಾಸನೆ ಬರುತ್ತಿದ್ದರೆ, ಯಾವ ಪರೀಕ್ಷೆಯೂ ಬೇಡ. ಮೊದಲು ಸೋರಿಕೆ ನಿಲ್ಲಬೇಕು.

ಹಂತ 1: ಫ್ಯೂಸ್ ಮತ್ತು ಕನೆಕ್ಟರ್‌ಗಳು

ಮೀಟರ್ ಇರುವ ಫ್ಯೂಸಿನಲ್ಲೇ ಬೇರೆ ಏನೇನಿದೆ ನೋಡಿ. ಅವೂ ಸತ್ತಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಹಳೆಯ ಗಾಡಿಗಳ ಪಿಂಗಾಣಿ ಫ್ಯೂಸುಗಳು ಕಣ್ಣಿಗೆ ಚೆನ್ನಾಗಿ ಕಂಡರೂ ಎರಡು ತುದಿಯಲ್ಲಿ ಹಸಿರು ಕಿಲುಬು ಹಿಡಿದಿರುತ್ತವೆ. ತೆಗೆದು, ಉಜ್ಜಿ, ಮತ್ತೆ ಹಾಕಿ.

ಹಂತ 2: ಅರ್ಥ್

ಇಲ್ಲಿ ನಿಧಾನಿಸಿ. ಮೂವತ್ತು ನಲವತ್ತು ಮಳೆಗಾಲ ಕಂಡ ಗಾಡಿಗಳಲ್ಲಿ, ಅದರಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಗಾಡಿಗಳಲ್ಲಿ, ನಾನು ಮೊದಲು ಅನುಮಾನಿಸುವುದು ಇದನ್ನೇ. ಟ್ಯಾಂಕು ಚಾಸಿಗೆ ಸೇರುವ ಬೋಲ್ಟು ತುಕ್ಕು ಹಿಡಿದಿರುತ್ತದೆ. ಅಡಿಗೆ ತುಕ್ಕುನಿರೋಧಕ ಬಳಿದವರು ಅರ್ಥ್ ಕೂರುವ ಜಾಗಕ್ಕೂ ಬಳಿದಿರುತ್ತಾರೆ. ಟ್ಯಾಂಕನ್ನು ಎಂದೋ ಇಳಿಸಿ ಹೊಸ ರಬ್ಬರ್ ಪಟ್ಟಿ ಹಾಕಿ ಏರಿಸಿದವರು ಅರ್ಥ್ ವೈರ್ ಮರೆತಿರುತ್ತಾರೆ.

ಅರ್ಥ್ ಕೆಟ್ಟರೆ ಮುಳ್ಳು ಏಕೆ ಫುಲ್ ಮುಟ್ಟುವುದಿಲ್ಲ ಎಂದು ಲೆಕ್ಕದಲ್ಲೇ ನೋಡಬಹುದು. ಖಾಲಿಗೆ 110, ಫುಲ್‌ಗೆ 3 ಓಮ್ ಇರುವ ಯೂನಿಟ್ ಅಂದುಕೊಳ್ಳಿ. ತುಕ್ಕಿನಿಂದ 5 ಓಮ್ ಹೆಚ್ಚಾಯಿತು. ಖಾಲಿಯಲ್ಲಿ 110 ಹೋಗಿ 115 ಆದರೆ ಮುಳ್ಳಿಗೆ ಗೊತ್ತೇ ಆಗುವುದಿಲ್ಲ. ಫುಲ್‌ನಲ್ಲಿ 3 ಹೋಗಿ 8 ಆದರೆ ಅದು ಎರಡೂವರೆ ಪಟ್ಟಿಗಿಂತ ಹೆಚ್ಚು. ಮುಳ್ಳು ಅಲ್ಲಿಗೆ ತಲುಪುವುದೇ ಇಲ್ಲ. 0–90 ಓಮ್ ಬಗೆಯಲ್ಲಿ ಇದೇ ತುಕ್ಕು ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲು ಇದೆ ಎಂದು ತೋರಿಸುತ್ತದೆ. ಅದು ಇನ್ನೂ ಕೆಟ್ಟದ್ದು, ನಡುದಾರಿಯಲ್ಲಿ ಕೈಕೊಡುವುದು ಅದೇ.

ಪರೀಕ್ಷೆ ಹೀಗೆ. ಕೀ ಆನ್ ಮಾಡಿ, ಹೆಡ್‌ಲೈಟ್ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಉದ್ದ ವೈರ್ ಸೇರಿಸಿ ಟ್ಯಾಂಕ್ ಯೂನಿಟ್ಟಿನ ಲೋಹದ ಮುಚ್ಚಳಕ್ಕೂ ಹಿಡಿಯಿರಿ. 0.1 ವೋಲ್ಟಿಗಿಂತ ಕಡಿಮೆ ಬರಬೇಕು. ಅರ್ಧ ವೋಲ್ಟ್ ಬಂದರೆ ಕಳ್ಳ ಸಿಕ್ಕ. ಓಮ್ ಅಳತೆಗಿಂತ ಈ ವೋಲ್ಟ್ ಅಳತೆಯನ್ನೇ ನಂಬಿ, ಯಾಕೆಂದರೆ ಕರೆಂಟು ಹರಿಯುವಾಗ ಮಾತ್ರ ಕೆಟ್ಟ ಜೋಡಣೆಯ ನಿಜ ಬಣ್ಣ ಕಾಣುತ್ತದೆ.

ಪರಿಹಾರ ಅಗ್ಗ. ಯೂನಿಟ್ಟಿನ ಅರ್ಥ್ ಟರ್ಮಿನಲ್‌ನಿಂದ, ಅದಿಲ್ಲದಿದ್ದರೆ ಟ್ಯಾಂಕಿನ ಕೂರಿಸುವ ಬೋಲ್ಟಿನಿಂದ, ಚಾಸಿಗೆ ಒಂದು ದಪ್ಪ ವೈರ್ ಎಳೆಯಿರಿ. ಕೂರುವ ಜಾಗವನ್ನು ಕೈಯಿಂದಲೇ ಹೊಳೆಯುವಂತೆ ಉಜ್ಜಿ (ಟ್ಯಾಂಕಿನ ಹತ್ತಿರ ಗ್ರೈಂಡರ್ ಕಿಡಿ ಹಾರಿಸಬಾರದು), ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ಗಾಡಿಗಳ ಮುಳ್ಳು ಇಷ್ಟಕ್ಕೇ ಸರಿಹೋಗುತ್ತದೆ.

ಹಂತ 3: ತಪ್ಪು ಮೀಟರ್ ಕಡೆಯೋ ಟ್ಯಾಂಕಿನ ಕಡೆಯೋ?

ಕೀ ಆಫ್ ಮಾಡಿ, ಟ್ಯಾಂಕಿಗೆ ಹೋಗುವ ವೈರಿನ ಕನೆಕ್ಟರ್ ಬಿಚ್ಚಿ. ಸಾಧ್ಯವಾದಷ್ಟೂ ಟ್ಯಾಂಕಿನಿಂದ ದೂರದ ಕನೆಕ್ಟರನ್ನೇ ಆರಿಸಿಕೊಳ್ಳಿ. ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯ ಅಂಚಿನಲ್ಲಿ ಅಥವಾ ಡ್ಯಾಶ್‌ಬೋರ್ಡಿನ ಹಿಂದೆ ಒಂದಾದರೂ ಸಿಗುತ್ತದೆ. ಈಗ ಕೀ ಆನ್ ಮಾಡಿದರೆ ಮುಳ್ಳು ಖಾಲಿಯಲ್ಲಿರಬೇಕು.

ಆಮೇಲೆ ಆ ವೈರನ್ನು ಅರ್ಥ್‌ಗೆ ತಾಗಿಸಬೇಕು. ನೇರವಾಗಿ ಅಲ್ಲ. ಬೈಮೆಟಲ್ ಮೀಟರನ್ನು ನೇರ ಅರ್ಥ್ ಮಾಡಿ ಹಿಡಿದರೆ ಅದರೊಳಗಿನ ಸಣ್ಣ ತಂತಿ ಸುಟ್ಟುಹೋಗಬಹುದು. ನಡುವೆ 10ರಿಂದ 20 ಓಮ್‌ನ, 5 ವ್ಯಾಟ್‌ನ ಒಂದು ರೆಸಿಸ್ಟರ್ ಇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿ ಮಾಡುವವರ ಬಳಿ ಕೇಳಿ.

ಮುಳ್ಳು ಫುಲ್ ಕಡೆಗೆ ಚೆನ್ನಾಗಿ ಏರಿತೇ? ಹಾಗಾದರೆ ಮೀಟರ್, ಸ್ಟೆಬಿಲೈಸರ್, ಮತ್ತು ನೀವು ಬಿಚ್ಚಿದ ಜಾಗದ ತನಕದ ವೈರ್ ಮೂರೂ ಸರಿ. ತಪ್ಪು ಟ್ಯಾಂಕಿನ ಕಡೆ ಇದೆ. ಏರದಿದ್ದರೆ ಇದೇ ಪರೀಕ್ಷೆಯನ್ನು ಮೀಟರ್‌ನ ಬೆನ್ನಿಗಿರುವ ಟರ್ಮಿನಲ್‌ನಲ್ಲೇ ಮಾಡಿ. ಅಲ್ಲಿ ಏರಿದರೆ ನಡುವಿನ ವೈರ್ ಕೆಟ್ಟಿದೆ, ಅಲ್ಲೂ ಏರದಿದ್ದರೆ ಮೀಟರ್ ಅಥವಾ ಅದಕ್ಕೆ ಬರುವ ವೋಲ್ಟೇಜ್ ಕೆಟ್ಟಿದೆ. ವೈರ್ ಕೆಟ್ಟಿದ್ದರೆ ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬಿಚ್ಚುವ ಅಗತ್ಯವಿಲ್ಲ. ಹೊಸದೊಂದು ವೈರ್ ಎಳೆದು, ಹಳೆಯದರ ಎರಡು ತುದಿಗೂ ಟೇಪ್ ಸುತ್ತಿ ಬಿಡಿ.

ಹಂತ 4: ಡ್ಯಾಶ್‌ಬೋರ್ಡಿನ ಹಿಂದೆ

ಮೀಟರ್‌ನ ಹಿಂಬದಿಯ ನಟ್ಟುಗಳು ಅದುರಿ ಅದುರಿ ಸಡಿಲವಾಗಿರುತ್ತವೆ. ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುವ ಗಾಡಿಗಳಲ್ಲಿ ನಟ್ಟಿನ ಸುತ್ತ ಆ ತಾಮ್ರ ಬಿರುಕು ಬಿಟ್ಟಿರುವುದು ಮಾಮೂಲು. ಮೊದಲು ಬಿಗಿ ಮಾಡಿ, ಉಜ್ಜಿ, ನೋಡಿ.

ಬ್ರಿಟಿಷ್ ಮೂಲದ ಬೈಮೆಟಲ್ ಮೀಟರ್‌ಗಳಿಗೆ 12 ವೋಲ್ಟ್ ನೇರ ಬರುವುದಿಲ್ಲ. ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಸ್ಟೆಬಿಲೈಸರ್ ಇದ್ದು, ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಆಗುವಂತೆ ನೋಡಿಕೊಳ್ಳುತ್ತದೆ. ಇದನ್ನು ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ಅಳೆದರೆ ಅಂಕಿ ನಿಲ್ಲದೆ ಬದಲಾಗುತ್ತದೆ. ಮುಳ್ಳಿನ ಮಲ್ಟಿಮೀಟರ್ ಆದರೆ ಅದರ ಮಿಡಿತ ಸ್ಪಷ್ಟ ಕಾಣುತ್ತದೆ. ಮಿಡಿಯದೆ ನೇರ 12 ವೋಲ್ಟ್ ಬರುತ್ತಿದ್ದರೆ ಅದರೊಳಗಿನ ಸಂಪರ್ಕ ಅಂಟಿಕೊಂಡಿದೆ, ಅಥವಾ ಅದರ ತಗಡಿಗೆ ಅರ್ಥ್ ಸಿಗುತ್ತಿಲ್ಲ. ಎರಡೂ ಮೀಟರ್ ಒಟ್ಟಿಗೆ ಹೆಚ್ಚು ತೋರಿಸುವುದು ಆಗಲೇ. ಅರ್ಥ್ ಸರಿಮಾಡಿಯೂ ಬಗ್ಗದಿದ್ದರೆ 7810 ಎಂಬ ಮೂರು ಕಾಲಿನ ಐಸಿ ಹಾಕಿ ಅದೇ 10 ವೋಲ್ಟ್ ಕೊಡಬಹುದು. ನೆಗೆಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿರುವ, ಗಾಡಿಗೆ ಮಾತ್ರ ಇದು ಸರಿ. ಹಳೆಯ ಕೆಲವು ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ಥ್, ಅದನ್ನು ನೋಡಿಕೊಂಡೇ ಮುಂದುವರಿಯಿರಿ.

ಹಂತ 5: ಟ್ಯಾಂಕ್ ಯೂನಿಟ್ ಹೊರತೆಗೆಯುವುದು

ಮೇಲಿನದೆಲ್ಲ ಸರಿಯಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ತೆಗೆಯುವ ಮೊದಲು ಯೂನಿಟ್ಟಿನ ಟರ್ಮಿನಲ್ ಮತ್ತು ಮೈ ನಡುವೆ ಓಮ್ ಅಳೆದು, ಗಾಡಿಯನ್ನು ಅಲುಗಾಡಿಸಿ. ಅಂಕಿ ಸ್ವಲ್ಪವಾದರೂ ಆಚೀಚೆ ಆಗಬೇಕು. ಕಲ್ಲಿನಂತೆ ನಿಂತಿದ್ದರೆ ಫ್ಲೋಟ್ ಸಿಕ್ಕಿಕೊಂಡಿದೆ ಅಥವಾ ಮುಳುಗಿದೆ.

ಕೆಲವು ಗಾಡಿಗಳಲ್ಲಿ ಸೀಟಿನ ಕೆಳಗೆ ಅಥವಾ ಡಿಕ್ಕಿಯ ನೆಲದಲ್ಲಿ ಮುಚ್ಚಳವಿರುತ್ತದೆ, ಕೆಲವದರಲ್ಲಿ ಟ್ಯಾಂಕನ್ನೇ ಇಳಿಸಬೇಕು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ, ಕೆಲಸ ಸುಲಭ. ಯೂನಿಟ್ಟಿನ ಸುತ್ತಲಿನ ಮಣ್ಣನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿದ ಮೇಲೆಯೇ ಸ್ಕ್ರೂಗೆ ಕೈಹಾಕಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಅದು ಒಂದು ದಿನ ಕಾರ್ಬುರೇಟರಿನ ಜೆಟ್‌ನಲ್ಲಿ (ಪೆಟ್ರೋಲು ಹಾಯುವ ಸಣ್ಣ ತೂತು) ಸಿಗುತ್ತದೆ. ತಿರುಗಿಸಿ ತೆಗೆಯುವ ಉಂಗುರವಿದ್ದರೆ ಕಬ್ಬಿಣದ ಉಳಿ ಬೇಡ, ಹಿತ್ತಾಳೆ ಕಡ್ಡಿ ಅಥವಾ ಗಟ್ಟಿಮರದ ತುಂಡಿನಿಂದ ಬಡಿಯಿರಿ. ಯೂನಿಟ್ ಯಾವ ದಿಕ್ಕಿಗೆ ಕೂತಿದೆ ಎಂದು ಗುರುತು ಹಾಕಿ. ಕಡ್ಡಿ ಬಾಗದಂತೆ, ಓರೆಯಾಗಿ ಹಿಡಿದು ಹೊರಗೆ ಎಳೆಯಿರಿ. ತೂತನ್ನು ಕೂಡಲೇ ಮುಚ್ಚಿ.

ಹಂತ 6: ಕೈಯಲ್ಲಿರುವ ಯೂನಿಟ್ಟನ್ನು ಓದುವುದು

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಗುಳುಗುಳು ಸದ್ದು ಬಂದರೆ ಒಳಗೆ ಪೆಟ್ರೋಲು ಹೊಕ್ಕಿದೆ. ಸದ್ದಿಲ್ಲದಿದ್ದರೂ ಬಿಸಿನೀರಿನಲ್ಲಿ ಮುಳುಗಿಸಿ ನೋಡಿ, ಗುಳ್ಳೆ ಎದ್ದಲ್ಲಿ ತೂತಿದೆ. ಈ ನೀರು ಒಳಗೆ ಕಾಯಿಸಿ ಹೊರಗೆ ತಂದದ್ದಾಗಿರಲಿ, ಒಲೆಯ ಬಳಿಗೆ ಫ್ಲೋಟನ್ನು ಒಯ್ಯಬೇಡಿ. ತೂತಾದ ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕುವವರಿದ್ದಾರೆ. ಒಳಗೆ ಉಳಿದ ಆವಿ ಸಿಡಿಯಬಹುದು, ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಳತೆಗೆ ಹೊಂದುವ ಫ್ಲೋಟ್ ಹುಡುಕಿ, ಇಲ್ಲವೇ ಗುಜರಿಯಲ್ಲಿ ಇನ್ನೊಂದು ಹಳೆಯ ಯೂನಿಟ್ ಕೊಂಡು ಅದರದನ್ನು ಬಳಸಿ.

ಪಟ್ಟಿಯ ಪರೀಕ್ಷೆಗೆ ಮಲ್ಟಿಮೀಟರ್ ಹಚ್ಚಿ, ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ಬಹಳ ನಿಧಾನವಾಗಿ ಎತ್ತಿ. ಓಮ್ ಒಂದೇ ದಿಕ್ಕಿನಲ್ಲಿ ಬದಲಾಗುತ್ತ ಹೋಗಬೇಕು, ಎಲ್ಲೂ ಹಾರಬಾರದು, ಕಡಿಯಬಾರದು. ಇಲ್ಲಿಯೂ ಮುಳ್ಳಿನ ಮಲ್ಟಿಮೀಟರ್ ಮೇಲು, ಕ್ಷಣಮಾತ್ರದ ಕಡಿತವನ್ನು ಡಿಜಿಟಲ್ ಮೀಟರ್ ತೋರಿಸದೇ ಬಿಡಬಹುದು. ಪಟ್ಟಿ ಕಪ್ಪಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಉಪ್ಪುಕಾಗದ ಮುಟ್ಟಿಸಬೇಡಿ, ಕೂದಲಿನಂಥ ಆ ತಂತಿಗಳು ತಡೆಯುವುದಿಲ್ಲ. ನಾಲಿಗೆಯ ಬಿಗಿ ಕಡಿಮೆಯಾಗಿದ್ದರೆ ಉಗುರಿನಿಂದ ತುಸುವೇ ಒಳಕ್ಕೆ ಬಾಗಿಸಿ. ಕಡ್ಡಿ ತಿರುಗುವ ಕೀಲಿನ ಮೂಲಕವೇ ಅರ್ಥ್ ಹೋಗುವ ಯೂನಿಟ್‌ಗಳಲ್ಲಿ ಆ ಕೀಲೂ ಕಿಲುಬು ಹಿಡಿದಿರುತ್ತದೆ, ಅದಕ್ಕೂ ಕ್ಲೀನರ್ ಬೇಕು.

ಇತ್ತೀಚೆಗೆ ಈ ಕಿಲುಬು ಹೆಚ್ಚು ಕಾಣಲು ಇಂಧನವೂ ಒಂದು ಕಾರಣವಾಗಬಲ್ಲದು. ನೂರರಲ್ಲಿ 20 ಪಾಲು ಎಥನಾಲ್ ಇರುವ ಇ20 ಪೆಟ್ರೋಲು ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ರಬ್ಬರು, ಕಾರ್ಕ್, ಲೋಹಗಳು ಇದಕ್ಕಾಗಿ ಮಾಡಿದವಲ್ಲ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಗೆ ಇದರ ಪೆಟ್ಟು ಜಾಸ್ತಿ.

ಹಂತ 7: ಹೊಸ ಯೂನಿಟ್ ಕೊಳ್ಳುವುದಾದರೆ

ಅಂಗಡಿಯಲ್ಲೇ ಓಮ್ ಅಳೆದು ಕೊಳ್ಳಿ. ಆಕಾರ ಹೊಂದಿದರೆ ಸಾಲದು. ಮಾರುಕಟ್ಟೆಯಲ್ಲಿ ಖಾಲಿ–ಫುಲ್ ಕ್ರಮದಲ್ಲಿ 240–33, 10–180, 0–90, 110–3 ಹೀಗೆ ಹಲವು ಬಗೆ ಇವೆ. ದಿಕ್ಕೇ ಉಲ್ಟಾ ಇದ್ದರೆ ಅದನ್ನು ಬಿಟ್ಟುಬಿಡಿ. ದಿಕ್ಕು ಸರಿಯಿದ್ದು ಅಂಕಿ ಮಾತ್ರ ಬೇರೆಯಾಗಿದ್ದರೆ ಪಕ್ಕದಲ್ಲಿ ರೆಸಿಸ್ಟರ್ ಸೇರಿಸಿ ಸ್ವಲ್ಪ ಮಟ್ಟಿಗೆ ಹೊಂದಿಸಬಹುದು. ಉದಾಹರಣೆಗೆ ಮೀಟರಿಗೆ ಖಾಲಿಯಲ್ಲಿ 110 ಬೇಕು, ಸಿಕ್ಕಿದ್ದು 240–33. ಯೂನಿಟ್ಟಿಗೆ ಸಮಾನಾಂತರವಾಗಿ 200 ಓಮ್ ಹಾಕಿದರೆ ಖಾಲಿಯಲ್ಲಿ ಸುಮಾರು 109, ಫುಲ್‌ನಲ್ಲಿ ಸುಮಾರು 28 ಬರುತ್ತದೆ. ಖಾಲಿ ಸರಿಯಾಯಿತು, ಫುಲ್ ಮುಟ್ಟುವುದಿಲ್ಲ. ಇದು ತಾತ್ಕಾಲಿಕ ಉಪಾಯ. ಎರಡು ತುದಿಯಲ್ಲಿ ಒಂದನ್ನೇ ಸರಿಮಾಡಲು ಆಗುವುದಾದರೆ ಖಾಲಿಯ ತುದಿಯನ್ನೇ ಸರಿಮಾಡಿ.

ಹಂತ 8: ಹೊಂದಿಸಿ, ಮುಚ್ಚಿ, ಅಳೆಯುವುದು

ತೊಳೆದು ಪೂರ್ತಿ ಒಣಗಿಸಿದ ಯೂನಿಟ್ಟನ್ನು, ಟ್ಯಾಂಕು ಮುಚ್ಚಿಟ್ಟು, ಉದ್ದ ವೈರ್‌ಗಳ ಮೂಲಕ ಗಾಡಿಯಿಂದ ದೂರದಲ್ಲಿ ಜೋಡಿಸಿ. ಬ್ಯಾಟರಿ ಮತ್ತೆ ಹಾಕುವ ಮೊದಲು ಆವಿಯ ವಾಸನೆ ಪೂರ್ತಿ ಹೋಗಿರಬೇಕು. ಕೀ ಆನ್ ಮಾಡಿ ಕಡ್ಡಿಯನ್ನು ಕೈಯಿಂದ ಎತ್ತಿ ಇಳಿಸಿ ಮುಳ್ಳು ನೋಡಿ. ಕಡ್ಡಿಯನ್ನು ತುಸು ಬಾಗಿಸಿ, ಟ್ಯಾಂಕಿನಲ್ಲಿ 4–5 ಲೀಟರ್ ಉಳಿದಿರುವಾಗಲೇ ಮುಳ್ಳು ಖಾಲಿ ಮುಟ್ಟುವಂತೆ ಹೊಂದಿಸಬಹುದು. 28 ಲೀಟರಿನ ಮಾರುತಿ 800ಕ್ಕೆ ಅಷ್ಟು ರಿಸರ್ವ್ ಧಾರಾಳ.

ಮುಚ್ಚುವಾಗ ಹಳೆಯ ಗ್ಯಾಸ್ಕೆಟ್ ಮತ್ತೆ ಬೇಡ. ಎಥನಾಲ್ ತಡೆಯುವ ವಿಟಾನ್ ಎಂಬ ರಬ್ಬರಿನಂಥದು ಸಿಕ್ಕರೆ ಒಳ್ಳೆಯದು. ಸಾಧಾರಣ ಸಿಲಿಕೋನ್ ಅಂಟು ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ, ಹಚ್ಚಬೇಡಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಇನ್ನು ಬಂಕಿಗೆ ಹೋಗಿ. ಟ್ಯಾಂಕು ಬಹುತೇಕ ಖಾಲಿ ಇರುವಾಗ 5 ಲೀಟರ್ ಹಾಕಿಸಿ, ಎಂಜಿನ್ ಚಾಲೂ ಮಾಡದೆ ಕೀ ಆನ್ ಮಾಡಿ ಎರಡು ನಿಮಿಷ ಕಾದು ಮುಳ್ಳಿನ ಜಾಗ ಬರೆದುಕೊಳ್ಳಿ. ಕೀ ಆಫ್ ಮಾಡಿ ಮತ್ತೆ 5 ಲೀಟರ್. ಹೀಗೆ ಫುಲ್ ತನಕ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋದರೆ ಬಂಕಿನವರೂ ಬೇಸರಿಸುವುದಿಲ್ಲ. ಅಳತೆಯ ಮೇಲೇ ಅನುಮಾನವಿದ್ದರೆ ಬಂಕಿನಲ್ಲಿರುವ ಮುದ್ರೆಯೊತ್ತಿದ 5 ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಬಹುದು, ಅದು ಗ್ರಾಹಕರ ಹಕ್ಕು.

ಹೀಗೆ ಬರೆದುಕೊಂಡ ಲೆಕ್ಕದಲ್ಲಿ ಅರ್ಧದ ಗುರುತು ಅರ್ಧ ಟ್ಯಾಂಕಿಗೆ ಸರಿಯಾಗಿ ಬರದಿದ್ದರೆ ಮತ್ತೆ ಬಿಚ್ಚಲು ಹೋಗಬೇಡಿ. ಟ್ಯಾಂಕಿನ ಆಕಾರ ಮೇಲೆ ಕೆಳಗೆ ಒಂದೇ ಅಗಲ ಇರುವುದಿಲ್ಲ, ಫ್ಲೋಟಿನ ಕಡ್ಡಿ ಕಮಾನಿನಂತೆ ಚಲಿಸುತ್ತದೆ, ಹಾಗಾಗಿ ಹಳೆಯ ಮೀಟರ್‌ಗಳು ಹೊಸದಿದ್ದಾಗಲೂ ನಡುಭಾಗದಲ್ಲಿ ಪೂರ್ತಿ ನಿಖರವಿರಲಿಲ್ಲ. ಲೀಟರ್ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಸನ್‌ವೈಸರ್ ಹಿಂದೆ ಅಂಟಿಸಿ. ಫುಲ್ ಟ್ಯಾಂಕಿನಲ್ಲೇ ಗಾಡಿಯನ್ನು ಒಂದು ರಾತ್ರಿ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಯೂನಿಟ್ಟಿನ ಸುತ್ತ ಬೆರಳಾಡಿಸಿ, ಮೂಸಿ ನೋಡಿ. ಒಣಗಿದ್ದರೆ ಮುಚ್ಚಳ ಹಾಕಿ, ಸೀಟು ಕೂರಿಸಿ.